ಬೆನ್ನು ನೋಡುವ ಹೊತ್ತು

"ಹೆಬ್ಬೆರಳ ಗುರುತು ಸಿಕ್ಕಿತು ಮೇಡಂ," ಎಂದರು ಲ್ಯಾಬಿನ ಡಾಕ್ಟರು. ಸಿಕ್ಕಿದ ಖುಷಿ ಮಾತ್ರ ಅವರ ಮುಖದಲ್ಲಿರಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿ ಬಂದರು, ಕುರ್ಚಿ ತೋರಿಸಿದರು. ಇನ್‌ಸ್ಪೆಕ್ಟರ್ ಕೂರಲಿಲ್ಲ.

"ಯಾರದು? ಆ ಅಟೆಂಡರ್ ಕ್ರೇನ್‌ದಾ?"

"ಅಲ್ಲ."

"ಹಾಗಾದ್ರೆ ನರ್ಸ್ ಸಿಸ್ಟರ್‌ದು."

"ಮೊದಲು ಕೂತ್ಕೊಳ್ಳಿ."

"ಡಾಕ್ಟ್ರೇ, ನಾನು ಹೆಣ ಮುಟ್ಟಿದ ಕೈ ತೊಳ್ಕೊಂಡು ಊಟಕ್ಕೆ ಕೂರೋಳು. ಹೇಳಿ."

ಡಾಕ್ಟರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಒರೆಸುವಂಥದ್ದೇನೂ ಅದರಲ್ಲಿರಲಿಲ್ಲ.

"ನಿಮ್ಮದು," ಎಂದರು.

ಮಂಗಳವಾರ ಮಧ್ಯಾಹ್ನ ಪುನರ್ವಸತಿ ಕೇಂದ್ರದ ಮೂಲೆಯ ಕೋಣೆಯಲ್ಲಿ, ಸೊಂಟದ ಕೆಳಗೆ ಸ್ವಾಧೀನವಿಲ್ಲದ, ಎಲ್ಲರೂ 'ರೇಡಿಯೋ' ಎಂದು ಕರೆಯುತ್ತಿದ್ದವನು ಬೋರಲು ಮಲಗಿದಲ್ಲೇ ಸತ್ತಿದ್ದ. ತೊಡೆಯ ಹಿಂಭಾಗದಲ್ಲಿ ಅವನಿಗೆ ಈಚೆಗೆ ಯಾವ ಡಾಕ್ಟರೂ ಬರೆದುಕೊಟ್ಟಿರದ, ಚರ್ಮದೊಳಗೆ ಮದ್ದು ಇಳಿಸುವ ನೋವಿನ ಪ್ಯಾಚ್ ಅಂಟಿತ್ತು. ಅದರ ಸುತ್ತ ಬಿಸಿನೀರಿನ ಬ್ಯಾಗಿನ ಅಳತೆಗೆ ಸರಿಯಾಗಿ ಚರ್ಮ ಬೆಂದಿತ್ತು.

"ನಾನು ಗ್ಲೌಸ್ ಹಾಕಿದ್ದೆ," ಎಂದಳು ಇನ್‌ಸ್ಪೆಕ್ಟರ್. "ಪ್ಯಾಚ್ ಮುಟ್ಟಿದ್ದು ಚಿಮುಟದಲ್ಲಿ. ಫೋಟೋದಲ್ಲೂ ಇದೆ."

"ಗುರುತು ಪ್ಯಾಚಿನ ಮೇಲಿದ್ದಿದ್ರೆ ನಾನೂ ಹಾಗೇ ಅಂದ್ಕೊಳ್ತಿದ್ದೆ. ಅದಿರೋದು ಒಳಗೆ, ಅಂಟಿನಲ್ಲಿ. ಹಿಂದಿನ ಕಾಗದ ಬಿಡಿಸುವಾಗ ಮೂಲೆ ಹಿಡೀತೀವಲ್ಲ, ಆ ಹೆಬ್ಬೆರಳು. ಪೊಲೀಸ್ ಸಿಬ್ಬಂದಿಯ ಗುರುತೆಲ್ಲ ನಮ್ಮ ಕಂಪ್ಯೂಟರಿನಲ್ಲಿ ಇರುತ್ತೆ. ಅದರಲ್ಲಿ ಹೊಂದಿಕೊಳ್ತು. ತಪ್ಪಿರಬಹುದು ಅಂತ ಮತ್ತೆ ಮತ್ತೆ ನೋಡಿದೆ. ಇನ್ನೊಂದು ವಿಷಯ. ಇದನ್ನ ಎರಡು ಮೈಗೆ ಅಂಟಿಸಿದ್ದಾರೆ. ಅಂಟಿನಲ್ಲಿ ಇಬ್ಬರ ಚರ್ಮದ ಪುಡಿ ಇದೆ. ಮೇಲಿನದು ರೇಡಿಯೋದು. ಅಡಿಯಲ್ಲಿರೋದು ಯಾರದೋ ಗೊತ್ತಿಲ್ಲ."

ಇನ್‌ಸ್ಪೆಕ್ಟರಿಗೆ ಗೊತ್ತಾಯಿತು. ಈಗ ಕೂತಳು.

ಭಾನುವಾರ. ಪ್ರತಿ ಭಾನುವಾರದ ಹಾಗೆ ಅವಳು ತಮ್ಮನನ್ನು ನೋಡಲು ಹೋಗಿದ್ದಳು. ರೇಡಿಯೋ ಸತ್ತ ಕೋಣೆಯ ಇನ್ನೊಂದು ಮಂಚ ಅವನದು. ಈಜುಕೊಳದ ಆಳವಿಲ್ಲದ ಕಡೆ ತಲೆಕೆಳಗಾಗಿ ಧುಮುಕಿದ ದಿನದಿಂದ ಅವನಿಗೆ ಭುಜದ ಕೆಳಗೆ ಏನು ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಆದರೆ ಅದೇ ಗೊತ್ತಾಗದ ಮೈ ಹಗಲೂ ರಾತ್ರಿ ಬೆಂಕಿ ಬಿದ್ದಂತೆ ಉರಿಯುತ್ತಿತ್ತು. ಆ ಉರಿಗೇ ಪ್ಯಾಚ್. ವಾರಕ್ಕೆರಡು, ಭಾನುವಾರ ಮತ್ತು ಬುಧವಾರ, ಅವನ ಕೈಯಂತೂ ತಲುಪದ, ಯಾರ ಕೈಯೂ ಸುಮ್ಮನೆ ತಾಗದ ಬೆನ್ನಿನ ನಡುವೆ. ವಾರದಲ್ಲಿ ಅದೊಂದು ಕೆಲಸವಾದರೂ ತನ್ನ ಕೈಯಲ್ಲಾಗಲಿ ಎಂದು ಅವಳು ಸಿಸ್ಟರ್ ಹತ್ತಿರ ಹಟ ಮಾಡಿ ಕೇಳಿಕೊಂಡಿದ್ದಳು. ಸಿಸ್ಟರ್ ಹಳೆಯದನ್ನು ತೆಗೆದು ಬೆನ್ನು ಒರೆಸಿದ ಮೇಲೆ ಇವಳು ಹೊಸದರ ಕಾಗದ ಬಿಡಿಸಿ, ಅಂಟಿಸಿ, ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದಳು. ಆ ಒತ್ತು ಅವನಿಗೆ ತಿಳಿಯುವುದಿಲ್ಲವೆಂದು ಗೊತ್ತಿದ್ದೂ ಸ್ವಲ್ಪ ಹೆಚ್ಚೇ ಹೊತ್ತು.

"ವರದಿ?" ಎಂದಳು.

"ಇವತ್ತು ಸಂಜೆ ನಿಮ್ಮ ಸಾಹೇಬರ ಮೇಜಿಗೆ ಹೋಗ್ಲೇಬೇಕು. ನಮ್ಮ ಸಂಜೆ ಸ್ವಲ್ಪ ನಿಧಾನವಾಗಿ ಆಗುತ್ತೆ. ನನ್ನ ಕೈಲಾಗೋದು ಅಷ್ಟೇ."

*

ಜೀಪಿನಲ್ಲಿ ಕಾನ್‌ಸ್ಟೇಬಲ್ ತನ್ನ ಪಾಡಿಗೆ ಮಾತಾಡುತ್ತಿದ್ದ.

"ಕ್ರೇನ್ ನಿನ್ನೆಯಿಂದ ಊಟ ಮುಟ್ಟಿಲ್ಲ ಮೇಡಂ. 'ನನ್ನನ್ನ ಇಲ್ಲಿ ಕೂರಿಸಿದ್ದೀರಲ್ಲ, ಅಲ್ಲಿ ಅವರನ್ನೆಲ್ಲ ಯಾರು ಎತ್ತಿ ಕೂರಿಸ್ತಿದ್ದಾರೆ' ಅಂತ ನನ್ನನ್ನೇ ಕೇಳ್ತಾನೆ. ನಾನೇನು ಹೇಳ್ಲಿ? ನಮ್ಮತ್ತೆಯನ್ನ ಆಟೋದಿಂದ ಇಳಿಸಿದ್ದಕ್ಕೇ ನನಗೆ ಸೊಂಟ ಹಿಡ್ಕೊಂಡಿತ್ತು."

ಕೇಂದ್ರದಲ್ಲಿ ಎಲ್ಲರನ್ನೂ ಮಂಚದಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಮಂಚಕ್ಕೆ ಎತ್ತುವವನಾದ್ದರಿಂದ ಅವನು ಕ್ರೇನ್. ಮಂಗಳವಾರ, ಭುಜ ನೋವು ಎಂದು ರೇಡಿಯೋ ಕೇಳಿದ್ದಕ್ಕೆ ಬಿಸಿನೀರಿನ ಬ್ಯಾಗ್ ತುಂಬಿಸಿ ಕೊಟ್ಟವನು ಅವನೇ. ಆಮೇಲೆ ಬಂದು ಹೆಣ ಕಂಡು, ಗಾಬರಿಯಲ್ಲಿ ಬ್ಯಾಗ್ ಖಾಲಿ ಮಾಡಿ ಮೊಳೆಗೆ ನೇತುಹಾಕಿ, ಏನೂ ಗೊತ್ತಿಲ್ಲ ಎಂದಿದ್ದ. ಸುಳ್ಳು ಒಂದು ದಿನವೂ ಬಾಳಲಿಲ್ಲ. ನಾಳೆ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕು.

ಕಾಲೇಜಿನಲ್ಲಿ ಇನ್‌ಸ್ಪೆಕ್ಟರ್ ಓದಿದ್ದು ಭೌತಶಾಸ್ತ್ರ. ಇಟ್ಟಲ್ಲೇ ಇರುವ ವಸ್ತು ಇನ್ನೊಂದು ಕಡೆಗೆ ಹೋಗಬೇಕಾದರೆ ಯಾವುದೋ ಬಲ ಅದನ್ನು ಸರಿಸಿರಬೇಕು. ಪ್ಯಾಚ್ ತಮ್ಮನ ಬೆನ್ನಿನಿಂದ ರೇಡಿಯೋ ತೊಡೆಗೆ ಹೋಗಿತ್ತು. ಕ್ರೇನಿಗೆ ಪ್ಯಾಚೂ ಒಂದೇ, ಬ್ಯಾಂಡೇಜೂ ಒಂದೇ. ಸಿಸ್ಟರಿಗೆ ಬೇಕಿದ್ದರೆ ಹೊಸದರ ಡಬ್ಬಿಯೇ ಕೈಯಲ್ಲಿತ್ತು, ಬೇರೆಯವರ ಮೈಯಿಂದ ಹಳೆಯದನ್ನು ಕೀಳಬೇಕಿರಲಿಲ್ಲ. ಉಳಿದವನು ರೇಡಿಯೋ. ಅವನಿಗೆ ಕಾಲು ಆಡುತ್ತಿರಲಿಲ್ಲ, ಕೈ ಆಡುತ್ತಿತ್ತು. ಫ್ಯಾನಿನ ಮೋಟಾರಿಗೆ ಕೂದಲೆಳೆಯಂಥ ತಂತಿ ಸುತ್ತುವ ಕೈ.

ತಮ್ಮ ಅದೇ ಕೋಣೆಯಲ್ಲಿದ್ದಾನೆ, ಕೇಸು ಬೇರೆಯವರಿಗೆ ಕೊಡಿ ಎಂದು ಮೊದಲ ದಿನವೇ ಅವಳು ಸಾಹೇಬರಿಗೆ ಹೇಳಿದ್ದಳು. ಸಾಹೇಬರು ನಕ್ಕಿದ್ದರು. "ಮೂಗಿನ ಮೇಲೆ ಕೂತ ಸೊಳ್ಳೆ ಹೊಡೆಯೋಕಾಗದವನು ಅವನು. ಅವನನ್ನ ಯಾವ ಲೆಕ್ಕಕ್ಕೆ ಹಿಡೀಲಮ್ಮ?"

ಆ ಮಾತಿಗೆ ಆಗ ಅವಳಿಗೆ ಅವಮಾನವಾಗಿತ್ತು. ನೆಮ್ಮದಿಯೂ ಆಗಿತ್ತು.

*

ಕೇಂದ್ರದ ವರ್ಕ್‌ಶಾಪಿನಲ್ಲಿ ತಂತಿ ಸುತ್ತುವ ಯಂತ್ರಗಳ ಗರಗರ ಬಿಟ್ಟರೆ ಸದ್ದಿರಲಿಲ್ಲ. ರೇಡಿಯೋ ಜಾಗದಲ್ಲಿ ಅರ್ಧ ಸುತ್ತಿದ ಕಾಯಿಲ್ ಹಾಗೇ ನಿಂತಿತ್ತು. ಬೆಳಿಗ್ಗೆ ಬಾಯಿ ತೆರೆದರೆ ಮಲಗುವವರೆಗೆ ಮುಚ್ಚುತ್ತಿರಲಿಲ್ಲ ಅವನು. ಅದಕ್ಕೇ ಆ ಹೆಸರು.

"ಕಿವಿಗೆ ರಜಾ ಸಿಕ್ಕಿದೆ ಮೇಡಂ," ಎಂದ ಪಕ್ಕದ ಕುರ್ಚಿಯವನು. ಹಲ್ಲು ಬಿಟ್ಟ. ಆಮೇಲೆ ಆ ಕಾಯಿಲಿನ ಕಡೆ ನೋಡಿ ಬಿಟ್ಟ ಹಲ್ಲು ಮುಚ್ಚಿಕೊಂಡ.

ಸಿಸ್ಟರ್ ಔಷಧದ ಕಪಾಟಿನ ಮುಂದೆ ಮಂಡಿ ಉಜ್ಜಿಕೊಳ್ಳುತ್ತ ಕೂತಿದ್ದಳು. ಎತ್ತರದ ಆಳು, ಅದಕ್ಕೆ ತಕ್ಕ ಗಂಟಲು.

"ಮತ್ತೆ ಬಂದ್ರಾ? ಇನ್ನೇನು ಉಳಿದಿದೆ ಕೇಳೋಕೆ? ಕ್ರೇನನ್ನ ಹೊತ್ಕೊಂಡು ಹೋದ್ರಿ, ಈಗ ಇಪ್ಪತ್ತು ಜನರನ್ನ ಎತ್ತೋದು ನಾನು. ಬಿಸಿನೀರಿನ ಬ್ಯಾಗ್ ಒಂದನ್ನ ಸೀಲ್ ಮಾಡಿ ತಗೊಂಡ್ರಿ. ಉಳಿದದ್ದೊಂದು. ನನ್ನ ಮಂಡಿಗೆ ಇಟ್ಕೊಳ್ಳೋಣ ಅಂದ್ರೆ ರೇಡಿಯೋ ಹೆಂಡತಿ ಬಂದು ಸೊಂಟ ನೋವು ಅಂತ ಕೇಳಿದ್ಲು. ಪಾಪ, ಹೇಗೆ ಇಲ್ಲ ಅನ್ನಲಿ?"

"ಅವರ್ಯಾಕೆ ಬಂದಿದ್ದಾರೆ?"

"ಗಂಡನ ಸಾಮಾನು ತಗೊಂಡು ಹೋಗೋಕೆ. ಬೆಳಿಗ್ಗೆಯಿಂದ ನಿಮ್ಮ ತಮ್ಮನ ಹತ್ತಿರಾನೇ ಕೂತಿದ್ಲು. ಮಧ್ಯಾಹ್ನ ಅವನಿಗೆ ಊಟ ಮಾಡಿಸಿದ್ದೂ ಅವಳೇ. ಹೆಂಗಸು ಅಂದ್ರೆ ಹಾಗಿರಬೇಕು."

ಇನ್‌ಸ್ಪೆಕ್ಟರ್ ಕಪಾಟಿನಲ್ಲಿದ್ದ ಬೀಗದ ಡಬ್ಬಿಯನ್ನು ತೋರಿಸಿದಳು. ಬಳಸಿದ ಪ್ಯಾಚನ್ನು ಅಂಟು ಒಳಗಾಗುವಂತೆ ಮಡಚಿ ಅದರಲ್ಲಿ ಹಾಕಬೇಕೆಂಬುದು ಕೇಂದ್ರದ ನಿಯಮ. ಹಳೆಯ ಪ್ಯಾಚಿನಲ್ಲೂ ಇನ್ನೊಬ್ಬನನ್ನು ಕೊಲ್ಲುವಷ್ಟು ಔಷಧ ಉಳಿದಿರುತ್ತದೆ.

"ನನ್ನ ತಮ್ಮನ ಹಳೇ ಪ್ಯಾಚೆಲ್ಲ ಇದರೊಳಗೆ ಬಿದ್ದಿದೆಯಾ ಸಿಸ್ಟರ್?"

ಸಿಸ್ಟರ್ ಕೈ ಮಂಡಿಯ ಮೇಲೆ ನಿಂತಿತು.

"ಈಚೆಗೆ ಕೆಲವು ಸಲ... ಬೆನ್ನಲ್ಲಿ ಇರ್ತಾನೇ ಇರಲಿಲ್ಲ. ಸ್ನಾನದಲ್ಲಿ ಬಿದ್ದಿರುತ್ತೆ ಅಂದ್ಕೊಂಡೆ."

"ಅವನು ಏನೂ ಹೇಳ್ಲಿಲ್ವಾ?"

"ಹೇಳೋದಾ? ಅರಚ್ತಿದ್ದ. ಬೆವರು, ನಡುಕ, ಬಾಯಿಗೆ ಬಂದ ಬೈಗುಳ. ಔಷಧ ಸಾಲ್ತಿಲ್ಲ, ಜಾಸ್ತಿ ಕೊಡು ಅಂತ ಒಂದೇ ಹಟ. ಅಂಟಿಸಿದ್ದೀವಲ್ಲ, ಇನ್ನೆಷ್ಟು ಬೇಕು ನಿಂಗೆ, ನಾಟಕ ಮಾಡ್ಬೇಡ ಅಂತ ನಾನೂ ಗದರಿಸ್ತಿದ್ದೆ. ಚಟ ಹತ್ತಿದವರು ಹೇಳೋದನ್ನೆಲ್ಲ ನಂಬೋಕಾಗುತ್ತಾ? ಇವತ್ತು ನೋಡಿ, ಮಗು ಹಾಗೆ ಕೂತಿದ್ದಾನೆ. ಬೆಳಿಗ್ಗೆಯಿಂದ ಒಂದು ಬೈಗುಳ ಇಲ್ಲ."

"ಅವನ ಬೆನ್ನು ನೋಡ್ತಿದ್ದದ್ದು ಯಾರು?"

"ಅವನ ಜೋಡಿ. ರೇಡಿಯೋ."

ಆ ಜೋಡಿಯ ಪದ್ಧತಿ ಈ ಕೇಂದ್ರದ್ದೇ. ಕೂತಲ್ಲೇ ಕೂತ ಮೈಗೆ ಹುಣ್ಣಾಗುತ್ತದೆ, ಹುಣ್ಣಾದದ್ದು ಮೈಗೆ ತಿಳಿಯುವುದಿಲ್ಲ, ತಿಳಿಯುವ ಹೊತ್ತಿಗೆ ಎಲುಬು ಕಾಣುತ್ತಿರುತ್ತದೆ. ಅದಕ್ಕೆ ದಿನಾ ಬೆಳಿಗ್ಗೆ ಸಂಜೆ ಗಂಟೆ ಬಾರಿಸಿದಾಗ ಒಬ್ಬರು ಇನ್ನೊಬ್ಬರ ಬೆನ್ನು, ತೊಡೆ, ಹಿಮ್ಮಡಿ ನೋಡಿ ಹೇಳಬೇಕು. ಬೆನ್ನು ನೋಡೋ ಹೊತ್ತು ಎಂದೇ ಅದರ ಹೆಸರು. ರೇಡಿಯೋ ತನ್ನ ಕೈಯಿಂದ ತಮ್ಮನ ಅಂಗಿ ಎತ್ತಿ ನೋಡುತ್ತಿದ್ದ. ಕೈ ಆಡದ ತಮ್ಮ ರೇಡಿಯೋವಿನ ಹಿಂಭಾಗವನ್ನು ಕಣ್ಣಿಂದ ನೋಡಿ ಹೇಳುತ್ತಿದ್ದ. ಸುಳ್ಳು ಹೇಳಿದರೆ ತಿಳಿಯುವ ದಾರಿ ಇಬ್ಬರಿಗೂ ಇರಲಿಲ್ಲ.

*

ಮೊಗಸಾಲೆಯ ಬೆಂಚಿನಲ್ಲಿ ರೇಡಿಯೋವಿನ ಹೆಂಡತಿ ಕೂತಿದ್ದಳು. ಸೋಫಾ, ಕುರ್ಚಿಗಳಿಗೆ ಕವರ್ ಹೊಲಿಯುವವಳು. ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿತ್ತು. ಪಕ್ಕದಲ್ಲಿ ಗಂಡನ ಬಟ್ಟೆಯ ಗಂಟು, ಮಡಿಲಲ್ಲಿ ಅವನ ಗಾಲಿಕುರ್ಚಿಯ ಹಳೆಯ ದಿಂಬು. ದಿಂಬಿನ ಒಂದು ಮೂಲೆಯಲ್ಲಿ ಹೊಲಿಗೆ ಬಿಚ್ಚಿತ್ತು.

"ಹೊಸದೊಂದು ಹೊಲಿದಿಟ್ಟಿದ್ದೆ ಮೇಡಂ, ನಮ್ಮನೆಯವರಿಗೆ ಅಂತ," ಎಂದಳು. "ಇನ್ನು ಯಾರಿಗೆ? ನಿಮ್ಮ ತಮ್ಮನ ಬೆನ್ನಿಗೆ ಇಟ್ಟು ಬಂದೆ. ಮೆತ್ತಗಿದೆ."

"ಒಳ್ಳೇದಾಯ್ತು." ಇನ್‌ಸ್ಪೆಕ್ಟರ್ ಮುಂದೆ ಹೆಜ್ಜೆ ಇಟ್ಟವಳು ನಿಂತಳು. "ನಿಮ್ಮ ಯಜಮಾನ್ರು ಬಿಸಿನೀರಿನ ಬ್ಯಾಗನ್ನ ಕಾಲಿನ ಮೇಲೆ ಇಟ್ಕೊಳ್ತಿದ್ದದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಬಿಸಿ ತಾಗಿದ್ರೆ ಮದ್ದು ಜೋರಾಗಿ ಏರುತ್ತಂತೆ. ಬೇಡಿ, ನಿಮ್ಮ ಕಾಲಿಗೆ ಸುಟ್ಟದ್ದೂ ಗೊತ್ತಾಗಲ್ಲ ಅಂತ ಎಷ್ಟು ಜಗಳ ಆಡಿದ್ದೀನಿ. ನಕ್ಕುಬಿಡ್ತಿದ್ರು. 'ನನ್ನ ಜೋಡಿ ನೋಡ್ತಾ ಇರ್ತಾನೆ ಕಣೇ, ಕೆಂಪಾದ್ರೆ ತಕ್ಷಣ ಹೇಳ್ತಾನೆ' ಅಂತಿದ್ರು." ದಿಂಬಿನ ಬಿಚ್ಚಿದ ಮೂಲೆಯನ್ನು ಬೆರಳಿಂದ ಒಳಗೆ ಮಡಚಿದಳು. "ಮಂಗಳವಾರ ನಿಮ್ಮ ತಮ್ಮ ಅಲ್ಲೇ ಇದ್ರಲ್ವಾ ಮೇಡಂ?"

"ನಿದ್ದೆ ಬಂದಿತ್ತಂತೆ ಅವನಿಗೆ."

"ಹೌದಂತೆ," ಎಂದಳು ಅವಳು. "ನನಗೂ ಹಾಗೇ ಹೇಳಿದ್ರು."

*

"ಕಾಲಿಗೆ ಚಕ್ರ ಕಟ್ಕೊಂಡು ಬಂದಂಗಿದೆ ಅಕ್ಕ," ಎಂದ ತಮ್ಮ. "ಭಾನುವಾರ ಅಲ್ವಲ್ಲ ಇವತ್ತು? ಚಕ್ರ ಅಂದ್ರೆ ನನ್ನ ಹಾಗೆ ನಿಜವಾದ್ದು ಕಟ್ಕೊಬೇಕು."

ಮೋಟಾರ್ ಕುರ್ಚಿಯಲ್ಲಿ ಕಿಟಕಿಗೆ ಮುಖ ಮಾಡಿ ಕೂತಿದ್ದ. ಮಣಿಕಟ್ಟಿನಿಂದ ಚಾಲನೆಯ ಕಡ್ಡಿ ತಳ್ಳಿ ಕುರ್ಚಿಯನ್ನು ಅವಳತ್ತ ತಿರುಗಿಸಿದ. ಅವನಿಗೆ ಆಡುತ್ತಿದ್ದದ್ದು ಭುಜ, ಮಣಿಕಟ್ಟು, ನಾಲಿಗೆ. ಕುರ್ಚಿಯ ತೋಳಿನ ಮೇಲೆ ಕರೆಗಂಟೆಯ ಅಗಲವಾದ ಗುಂಡಿ. ಮಣಿಕಟ್ಟು ಹಾಗೇ ಜಾರಿದರೂ ಅದು ಬಾರಿಸುತ್ತದೆ.

ರೇಡಿಯೋ ಮಂಚದ ಹಾಸಿಗೆ ಸುರುಳಿ ಸುತ್ತಿಟ್ಟಿದ್ದರು. ಇನ್‌ಸ್ಪೆಕ್ಟರ್ ಆ ಬರಿಯ ಮಂಚದ ಅಂಚಿನಲ್ಲಿ ಕೂತಳು. ತಮ್ಮನ ಹಣೆಯಲ್ಲಿ ಬೆವರು ಮೂಡಿತ್ತು. ಮುಖ ಮಾತ್ರ ಹಾಲು ಕುಡಿದ ಮಗುವಿನಂತಿತ್ತು. ಇವತ್ತು ಪ್ಯಾಚ್ ಚೆನ್ನಾಗಿ ಹಿಡಿದಿದೆ, ಅಂದುಕೊಂಡಳು.

"ಮಂಗಳವಾರ ಏನಾಯ್ತು, ಇನ್ನೊಂದು ಸಲ ಹೇಳು."

"ಹೇಳಿದ್ದೀನಲ್ಲ. ಕಿಟಕಿ ಕಡೆ ತಿರುಗಿದ್ದೆ. ಕೂತಲ್ಲೇ ನಿದ್ದೆ ಬಂತು. ಎದ್ದಾಗ ಕ್ರೇನ್ ತಲೆ ಮೇಲೆ ಕೈ ಹೊತ್ತು ಓಡಾಡ್ತಿದ್ದ."

"ನಿದ್ದೆ ಬಂತಾ?"

"ಬಂತು."

"ಯಾವ ಪ್ಯಾಚಿನ ಮೇಲೆ?"

ತಮ್ಮ ಮುಖವನ್ನು ಕಿಟಕಿಗೆ ತಿರುಗಿಸಿದ.

"ರೇಡಿಯೋ ಕಾಲಿನಲ್ಲಿ ಸಿಕ್ಕಿದ ಪ್ಯಾಚಿನಲ್ಲಿ ನನ್ನ ಹೆಬ್ಬೆರಳಿದೆ. ಅಂದ್ರೆ ಅದು ಭಾನುವಾರ ನಾನು ನಿನ್ನ ಬೆನ್ನಿಗೆ ಅಂಟಿಸಿದ್ದು. ಅದು ಅವನ ಮೈಮೇಲಿದ್ರೆ ನಿನ್ನ ಮೈಮೇಲೆ ಇರಲಿಲ್ಲ. ಪ್ಯಾಚ್ ಇಲ್ಲದ ದಿನ ನೀನು ಹೇಗಿರ್ತೀಯಾ ಅಂತ ಸಿಸ್ಟರ್ ಈಗ ತಾನೇ ಹೇಳಿದ್ರು. ಅಂಥಾ ಮಧ್ಯಾಹ್ನ ನಿಂಗೆ ಕೂತಲ್ಲೇ ನಿದ್ದೆ ಬಂತಾ?"

ಅವನು ನಕ್ಕ. ಮೆಲ್ಲಗೆ, ಮೆಚ್ಚಿಕೊಂಡ ಹಾಗೆ.

"ಅದಕ್ಕೇ ಅಪ್ಪ ಯಾವಾಗಲೂ ಅಂತಿದ್ದದ್ದು, ಇವಳಿಗೆ ಬುದ್ಧಿ ಇವನಿಗೆ ಮೈಕಟ್ಟು ಅಂತ. ನೋಡು, ಈಗ ಎರಡೂ ನಿಂಗೇ."

"ಅವನು ಕದೀತಿದ್ದದ್ದು ನಿಂಗೆ ಯಾವಾಗ ಗೊತ್ತಾಯ್ತು?"

"ಸೋಮವಾರ ಸಂಜೆ." ಗದ್ದದಿಂದ ಕಿಟಕಿ ತೋರಿಸಿದ. "ಹೊರಗೆ ಮೋಡ ಕಟ್ಟಿತ್ತು, ಒಳಗೆ ಲೈಟು. ಗಾಜು ಕನ್ನಡಿ ಆಗಿತ್ತು. ನನ್ನ ಹಿಂದೆ ಕೂತು ಅಂಗಿ ಎತ್ತಿದ. ಉಗುರಿಂದ ಮೂಲೆ ಕೆರೆದು ಕಿತ್ತ, ಎಷ್ಟು ನಾಜೂಕು ಗೊತ್ತಾ, ತಂತಿ ಸುತ್ತೋ ಕೈಯಲ್ವಾ. ತನ್ನ ಅಂಗಿಯೊಳಗೆ ಇಟ್ಕೊಂಡ. ಬಾಯಿ ಮಾತ್ರ ನಿಂತಿರಲಿಲ್ಲ. 'ಬೆಣ್ಣೆ ಹಾಗಿದೆ ನಿನ್ನ ಬೆನ್ನು, ಏನೂ ಇಲ್ಲ, ನಿಶ್ಚಿಂತೆಯಾಗಿರು' ಅಂದ. ಏನೂ ಇಲ್ಲ ಅಂದದ್ದು ನಿಜ ತಾನೆ?"

"ಯಾಕೆ ಸಿಸ್ಟರ್‌ಗೆ ಹೇಳ್ಲಿಲ್ಲ?"

"ಹೇಳಿದ್ರೆ? ನನಗೂ ಬಂದ್ ಮಾಡ್ತಾರೆ. ಕಳ್ಳತನ ಆಗೋ ಮದ್ದನ್ನ ಇಲ್ಲಿ ಯಾರಿಗೂ ಕೊಡಲ್ಲ. ಅವನಿಗೆ ಮೊದಲೇ ನಿಲ್ಲಿಸಿದ್ರು, ಅದಕ್ಕೇ ಅವನು ನನ್ನ ಬೆನ್ನಿಗೆ ಬಿದ್ದದ್ದು. ನನಗೂ ನಿಲ್ಲಿಸಿದ್ರೆ ನಾನು ಯಾರ ಬೆನ್ನಿಗೆ ಬೀಳ್ಲಿ? ನನ್ನ ಕೈ ನೋಡಿದ್ದೀಯಾ?"

ಅವನ ಬೆರಳುಗಳು ಮಡಿಲಲ್ಲಿ ಒಳಮುಖವಾಗಿ ಮುದುರಿಕೊಂಡಿದ್ದವು.

ಇನ್‌ಸ್ಪೆಕ್ಟರ್ ಆ ಬೆರಳುಗಳನ್ನು ನೋಡಿದಳು. ಎಷ್ಟೋ ಭಾನುವಾರ ಇದೇ ಕುರ್ಚಿಯಲ್ಲಿ ಇವನು ನಡುಗುತ್ತ, ಅಕ್ಕ, ಮದ್ದು ಹತ್ತುತ್ತಿಲ್ಲ ಎಂದು ಗೋಗರೆದಿದ್ದ. ಚಟದ ಮಾತೆಂದು ಅವಳೂ ತಲೆ ಸವರಿ ಸುಮ್ಮನಾಗಿದ್ದಳು. ಬೆನ್ನು ನೋಡಿ ಹೇಳುವವನೊಬ್ಬ ಇದ್ದನಲ್ಲ. ಅವನ ಮಾತನ್ನು ಎಲ್ಲರೂ ನಂಬಿದ್ದರು.

"ಮಂಗಳವಾರ," ಎಂದಳು.

"ಮಂಗಳವಾರ ಮೈಯೆಲ್ಲ ಉರೀತಿತ್ತು ಅಕ್ಕ. ಎಣ್ಣೆಯಲ್ಲಿ ಬಿಟ್ಟ ಹಾಗೆ. ಅವನು ಬೋರಲು ಮಲಗಿದ್ದ. ನನ್ನದೇ ಪ್ಯಾಚ್, ನನ್ನ ಕಣ್ಣೆದುರಿಗೆ ತೊಡೆಗೆ ಅಂಟಿಸ್ಕೊಂಡ. ಮೇಲೆ ಬ್ಯಾಗ್ ಇಟ್ಕೊಂಡ. 'ಗುರೂ, ಒಂಚೂರು ನೋಡ್ತಾ ಇರು' ಅಂದ. ಯಾವನದೋ ಮದ್ದು ಕದ್ದು, ಅವನಿಗೇ ಕಾವಲು ಕಾಯೋಕೆ ಹೇಳೋದು. ಅಂಥಾ ಭಂಡ ನೋಡಿದ್ದೀಯಾ?" ಮಾತು ನಿಧಾನವಾಗುತ್ತಿತ್ತು. ಒಂದೊಂದು ಪದವನ್ನೂ ಎತ್ತಿ ಇಡಬೇಕಾದವನ ಹಾಗೆ. "ಆಗಾಗ ಕೈ ಹಿಂದೆ ಹಾಕಿ ಬ್ಯಾಗ್ ಎತ್ತೋನು. 'ಕೆಂಪಾಗಿದೆಯಾ?' ಅಂತ ಕೇಳೋನು."

"ನೀನೇನು ಹೇಳಿದೆ?"

"ಇಲ್ಲ ಅಂದೆ."

"ಆಗಿತ್ತಾ?"

"ಮೊದಲನೇ ಸಲಾನೇ ಆಗಿತ್ತು." ಅವನ ತುಟಿಯಲ್ಲಿ ಸಣ್ಣ ನಗು ಮೂಡಿತು.

"ಎಷ್ಟು ಸಲ ಕೇಳಿದ?"

"ಕೇಳ್ತಾನೇ ಇದ್ದ. ನಾನೂ ಹೇಳ್ತಾನೇ ಇದ್ದೆ. ಚರ್ಮ ಗುಳ್ಳೆ ಎದ್ದಾಗಲೂ ಇಲ್ಲ ಅಂದೆ. ಮಧ್ಯೆ ಮಧ್ಯೆ ಏನೋ ಕತೆ ಹೇಳ್ತಿದ್ದ, ಚಿಕ್ಕಂದಿನಲ್ಲಿ ಅವರ ಮನೆ ಹಸು ಬಾವಿಗೆ ಬಿದ್ದದ್ದು. ಹಸುವನ್ನ ಮೇಲೆ ಎತ್ತೋ ಮೊದಲೇ ನಾಲಿಗೆ ತೊದಲ್ತು. ಉಸಿರು ಗೊರಗೊರ ಅಂತು. ಆಮೇಲೆ ಅದೂ ಇಲ್ಲ. ಎಂಥಾ ನಿಶ್ಶಬ್ದ ಗೊತ್ತಾ ಅಕ್ಕ? ಈ ಕೋಣೆಗೆ ಬಂದಾಗಿನಿಂದ ನಾನು ಅಂಥಾ ನಿಶ್ಶಬ್ದ ಕೇಳಿರಲಿಲ್ಲ."

"ಗಂಟೆ ನಿನ್ನ ಕೈ ಕೆಳಗೇ ಇತ್ತು."

"ಈಗಲೂ ಇದೆ."

ಅವಳು ಎದ್ದಳು. ಕೈ ತಾನಾಗಿ ಮೇಲೆದ್ದಿತು. ಹೊಡೆದರೆ ಕೆನ್ನೆಗೆ ತಿಳಿಯುತ್ತದೆ. ಅಷ್ಟು ಜಾಗದಲ್ಲಿ ಅವನಿಗೆ ಇನ್ನೂ ತಿಳಿಯುತ್ತದೆ. ಹೊಡೆಯಲಿಲ್ಲ.

"ಯಾವ ಸೆಕ್ಷನ್ ಹಾಕ್ತೀಯಾ?" ಎಂದ ಅವನು. "ಮುಟ್ಟಿಲ್ಲ, ತಳ್ಳಿಲ್ಲ, ಕುಡಿಸಿಲ್ಲ. ಒಂದು ಮಾತು ಅಂದೆ. ಕೇಳಿದವನು ಸತ್ತ. ಈಗ ನಾನು ಹೇಳೇ ಇಲ್ಲ ಅಂದ್ರೆ ನಿನ್ನ ಹತ್ತಿರ ಏನಿದೆ? ಹೆಬ್ಬೆರಳಿದೆ. ಅದು ನಿಂದು."

"ಕ್ರೇನ್ ಒಳಗಿದ್ದಾನೆ ಕಣೋ. ಊಟ ಬಿಟ್ಟಿದ್ದಾನೆ. ನಿನ್ನನ್ನ ದಿನಾ ಎರಡು ಕೈಯಲ್ಲಿ ಎತ್ಕೊಂಡು..."

"ಅದಕ್ಕೇ ಹೋಗ್ಲಿ ಬಿಡು. ನನ್ನನ್ನ ಮೂಟೆ ಹಾಗೆ ಎತ್ತಿ ಎತ್ತಿ ಇಟ್ಟಿದ್ದಾನೆ. ಒಂದು ಸಲ ಆದ್ರೂ ಎತ್ಲಾ ಅಂತ ಕೇಳಿಲ್ಲ. ಅವನು ಹೋದ್ರೆ ಬೇರೆಯವನು ಬರ್ತಾನೆ. ನೀನು ಹೋದ್ರೆ ಭಾನುವಾರ ನನಗೆ ಯಾರು ಬರ್ತಾರೆ? ಲೆಕ್ಕ ಹಾಕು, ಬುದ್ಧಿವಂತೆ ನೀನು."

ಅವಳು ಲೆಕ್ಕ ಹಾಕಿದಳು. ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ನಿಜ ಬರೆದರೆ, ಹಾಸಿಗೆಯಿಂದ ಏಳಲಾಗದವನನ್ನು ಅಕ್ಕನೇ ಜೈಲಿಗೆ ಎತ್ತಿಹಾಕಿದಂತೆ. ಅಲ್ಲಿ ಇವನ ಬೆನ್ನು ಯಾರೂ ನೋಡುವುದಿಲ್ಲ. ಬರೆಯದಿದ್ದರೆ, ಬೆಳಗಾದರೆ ಕ್ರೇನ್ ಕಟಕಟೆಯಲ್ಲಿ. ಹೇಗಿದ್ದರೂ, ಸಂಜೆಗೆ ತನ್ನ ಹೆಬ್ಬೆರಳು ಸಾಹೇಬರ ಮೇಜಿನ ಮೇಲೆ.

"ಅಕ್ಕ."

"ಏನು?"

"ಬೆನ್ನು ನೋಡು." ದನಿ ಇದ್ದಕ್ಕಿದ್ದಂತೆ ಚಿಕ್ಕವನದಾಯಿತು. "ನಿನ್ನೆ ಸಿಸ್ಟರ್ ಪ್ಯಾಚ್ ಹಾಕಿದ ಮೇಲೆ ಯಾರೂ ನೋಡಿಲ್ಲ. ಜೋಡಿ ಇಲ್ವಲ್ಲ."

ಅವನ ಗದ್ದ ಎದೆಗೆ ಬಾಗುತ್ತಿತ್ತು. ಆಗ ಅವಳು ಅವನ ಕಣ್ಣು ಸರಿಯಾಗಿ ನೋಡಿದಳು. ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಕಿಟಕಿಯ ಬೆಳಕಿಗೆ ಅಷ್ಟು ಚಿಕ್ಕದಾಗುವುದಿಲ್ಲ. ಮದ್ದು ಮಿತಿಮೀರಿದವನ ಕಣ್ಣು ಅದು.

ಹಿಂದೆ ಹೋಗಿ ಅವನನ್ನು ಭುಜ ಹಿಡಿದು ಮುಂದಕ್ಕೆ ಬಾಗಿಸಿ ಅಂಗಿ ಎತ್ತಿದಳು.

ಬುಧವಾರ ಸಿಸ್ಟರ್ ಅಂಟಿಸಿದ ಪ್ಯಾಚ್ ಬೆನ್ನಿನ ನಡುವೆ ಇತ್ತು. ಅದರ ಸುತ್ತ ಇನ್ನೂ ಮೂರು. ಅಂಚು ಸವೆದ, ಹಳೆಯ, ಒಂದರ ಮೂಲೆಯಲ್ಲಿ ದಿಂಬಿನ ಹತ್ತಿಯ ಎಳೆ ಅಂಟಿದ ಪ್ಯಾಚುಗಳು. ರೇಡಿಯೋವಿನ ಸಾಮಾನನ್ನೆಲ್ಲ ಪೊಲೀಸರು ಜಾಲಾಡಿದ್ದರು. ಕದ್ದದ್ದನ್ನು ಅವನು ಬಚ್ಚಿಟ್ಟಿದ್ದ ಹಳೆಯ ದಿಂಬನ್ನು ಮಾತ್ರ ಯಾರೂ ಬಿಚ್ಚಿರಲಿಲ್ಲ. ಅದನ್ನು ಎಲ್ಲಿ ಬಿಚ್ಚಬೇಕೆಂದು ಗೊತ್ತಿದ್ದವಳು ಹೊಲಿದವಳೊಬ್ಬಳೇ.

ಇನ್‌ಸ್ಪೆಕ್ಟರ್ ಬೆನ್ನ ಹಿಂದಿನ ಹೊಸ ದಿಂಬಿನ ಮೇಲೆ ಅಂಗೈ ಇಟ್ಟಳು. ಬಿಸಿಯಿತ್ತು. ಹಿಂಬದಿಯಲ್ಲಿ ಅಚ್ಚುಕಟ್ಟಾಗಿ ಹೊಲಿದ ಜೇಬು, ಜೇಬಿನೊಳಗೆ ರಬ್ಬರಿನ ಬ್ಯಾಗು. ಅದರಲ್ಲಿ ನೀರು ಕುಲುಕಾಡಿದ್ದು ಬೆರಳಿಗೆ ತಿಳಿಯಿತು. ಊಟದ ಹೊತ್ತಿನಿಂದ, ಈ ಇಡೀ ಮಾತಿನುದ್ದಕ್ಕೂ, ಅದು ಅಲ್ಲೇ ಇತ್ತು. ಅವನ ಚರ್ಮ ಆ ಚೌಕದಷ್ಟೂ ಕುಂಕುಮ ಬಳಿದಂತಾಗಿತ್ತು.

"ಏನಿದೆ ಅಕ್ಕ?" ನಾಲಿಗೆ ದಪ್ಪಗಾಗಿತ್ತು. "ಕೆಂಪಾಗಿದೆಯಾ?"

ದಿಂಬು ಎಳೆದು ಬಿಸಾಡಲು, ಪ್ಯಾಚುಗಳನ್ನು ಕಿತ್ತು ಸಿಸ್ಟರನ್ನು ಕೂಗಲು ಒಂದು ಕ್ಷಣ ಸಾಕಿತ್ತು. ಅವಳ ಕೈ ದಿಂಬಿನ ಮೇಲೇ ಇತ್ತು. ಲಾಕಪ್ಪಿನಲ್ಲಿ ಊಟ ಬಿಟ್ಟು ಕೂತವನು ನೆನಪಾದ. ಮೇಜಿನ ಮೇಲೆ ಬೀಳಲಿರುವ ವರದಿ ನೆನಪಾಯಿತು. ಮೊದಲನೇ ಸಲಾನೇ ಆಗಿತ್ತು ಎಂದಾಗ ಇವನ ಮುಖದಲ್ಲಿ ಮೂಡಿದ್ದ ಆ ಸಣ್ಣ ನಗು ನೆನಪಾಯಿತು.

"ಇಲ್ಲ," ಎಂದಳು.

ಹೇಳಿದ್ದು ತಾನೇ ಎಂದು ಅವಳಿಗೆ ಅರಿವಾಗುವಷ್ಟರಲ್ಲಿ ಬಾಗಿಲ ಬಳಿ ಸೀರೆಯ ಸದ್ದಾಯಿತು. ಹಳೆಯ ದಿಂಬನ್ನು ಎದೆಗವಚಿಕೊಂಡು ರೇಡಿಯೋವಿನ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ಓಡಲಿಲ್ಲ. ಇನ್‌ಸ್ಪೆಕ್ಟರ್ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಹೊಲಿಗೆ ಸರಿಯಾಗಿ ಬಂದಾಗ ತಲೆಯಾಡಿಸುವ ಹಾಗೆ ಒಮ್ಮೆ ತಲೆಯಾಡಿಸಿದಳು. ಆಮೇಲೆ ಹೊರಗಿನಿಂದ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

ತಮ್ಮನ ಉಸಿರು ಗೊರಗೊರ ಎನ್ನತೊಡಗಿತು. ಕರೆಗಂಟೆಯ ಗುಂಡಿ ಅವಳ ಕೈಗೆ ಎಟಕುವಷ್ಟೇ ದೂರದಲ್ಲಿತ್ತು.